ಮನೆಬಳಕೆಯ ಮೀನು ಹೊಗೆಪೆಟ್ಟಿಗೆ: ಆಯ್ಕೆಗೆ ಮುನ್ನ ತಿಳಿಯಬೇಕಾದುದು

ಕೆರೆಯಲ್ಲಿ ಮೀನು ಹಿಡಿಯುವ ದಿನ ಕಾಟ್ಲಾ, ರೋಹು ಮೀನುಗಳು ಒಮ್ಮೆಲೇ ರಾಶಿ ಬೀಳುತ್ತವೆ. ಉಳಿದುದನ್ನು ಹೊಗೆಯಲ್ಲಿ ಬೇಯಿಸಿಡಲು ಪೆಟ್ಟಿಗೆ ಕೊಳ್ಳುವ ಹಿರೇನಲ್ಲೂರು ಭಾಗದ ಕುಟುಂಬಗಳಿಗೆ ಸದಸ್ಯರು ಈ ಅಂಶಗಳನ್ನು ಮನವರಿಕೆ ಮಾಡಿಕೊಡುವುದು ಸೂಕ್ತ.

ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿದರೆ ಕ್ಯಾನ್ಸರ್‌ಕಾರಕ ಸಂಯುಕ್ತಗಳು ಹೊಗೆಯೊಡನೆ ಮೀನಿಗೆ ಅಂಟುತ್ತವೆ. ಆದ್ದರಿಂದ ಬೆಂಕಿಗೆ ಪ್ರತ್ಯೇಕ ಅಂಕಣ ಅಥವಾ ನಡುವೆ ಕೊಬ್ಬು ಹಿಡಿಯುವ ತಟ್ಟೆ ಇರುವ ಪೆಟ್ಟಿಗೆಯನ್ನೇ ಆರಿಸತಕ್ಕದ್ದು. ಸ್ಟೇನ್‌ಲೆಸ್ ಸ್ಟೀಲ್ ಉತ್ತಮ. ಸತು ಲೇಪಿತ ತಗಡು, ರಾಸಾಯನಿಕ ತುಂಬಿದ್ದ ಡ್ರಮ್ ಸಲ್ಲವು. ಮೀನಿನ ಒಳಭಾಗ ಕನಿಷ್ಠ 63 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಇರಬೇಕಾದ್ದರಿಂದ ಉಷ್ಣಮಾಪಕ ಅವಶ್ಯ. ಹೊಗೆಗೆ ಒಣ ತೆಂಗಿನ ಸಿಪ್ಪೆ ಸಾಕು. ಬಣ್ಣ ಬಳಿದ ಮರ, ಪ್ಲೈವುಡ್ ಬೇಡ. ಪೆಟ್ಟಿಗೆ ಮನೆಯ ಹೊರಗಿರಲಿ.

ಹೊಗೆ ಹಿಡಿದ ಮೀನು ಕೆಡದೆಂಬ ಭಾವನೆ ಸರಿಯಲ್ಲ. ಪೂರ್ಣವಾಗಿ ಒಣಗಿಸದಿದ್ದಲ್ಲಿ ಅದನ್ನು ಫ್ರಿಜ್‌ನಲ್ಲಿಯೇ ಇಡಬೇಕು.

ಅನುಮತಿಯಿಲ್ಲದೆ ಕಾಡುಹಂದಿ, ಕಾಡುಮೊಲ, ಜಿಂಕೆಗಳನ್ನು ಬೇಟೆಯಾಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ವಯ ಅಪರಾಧ. ಅಂತಹ ಮಾಂಸವನ್ನು ಇಟ್ಟುಕೊಳ್ಳುವುದೂ ಶಿಕ್ಷಾರ್ಹ. ಹಂದಿಯಿಂದ ಬೆಳೆ ಹಾನಿಯಾದ ರೈತನಿಗೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಸಲ್ಲಿಸುವ ಮಾರ್ಗವಿದೆ ಎಂಬುದನ್ನು ಗ್ರಾಮಸಭೆಯಲ್ಲಿ ತಿಳಿಸತಕ್ಕದ್ದು.