ಮುಂಬಯಿಯಲ್ಲಿ ಮೀನೂಟ: ಎಲ್ಲಿ ಕೂರ್ಬೇಕು, ಏನ್ ಹೇಳ್ಬೇಕು?

ಮುಂಬಯಿಗೆ ಟ್ರಾನ್ಸ್‌ಫರ್ ಆಯ್ತು, ಪಿಜಿ ಸಿಕ್ತು, ಲೋಕಲ್ ಟ್ರೇನಿನ ಪಾಸೂ ಕೈಗೆ ಬಂತು. ಇನ್ನು ಉಳಿದಿರೋದು ಒಂದೇ ಪ್ರಶ್ನೆ: ಒಳ್ಳೆ ಮೀನೂಟ ಎಲ್ಲಿ? ಸುತ್ತ ಸಮುದ್ರವೇ ಇರೋ ಊರಲ್ಲಿ ಇದೂ ಒಂದು ಪ್ರಶ್ನೆನಾ ಅನ್ನಬೇಡಿ. ಮೊಬೈಲ್‌ನಲ್ಲಿ ಮೊದಲು ಕಂಡ ಹೋಟೆಲಿಗೆ ನುಗ್ಗಿ, ಬೆಲೆ ಕೇಳದೆ ದೊಡ್ಡ ಪಾಂಫ್ರೆಟ್ ಹೇಳಿ, ಬಿಲ್ ಬಂದ ಮೇಲೆ ತಿಂಗಳಿಡೀ ವಡಾಪಾವ್ ತಿಂದವರು ಬೇಕಾದಷ್ಟು ಮಂದಿ ಇದ್ದಾರೆ. ನಿಮಗೆ ಹಾಗಾಗೋದು ಬೇಡ.

ಫೋರ್ಟ್: ಕರಾವಳಿಯ ಘಮ

ಚರ್ಚ್‌ಗೇಟ್ ಅಥವಾ ಸಿಎಸ್‌ಎಂಟಿಯಲ್ಲಿ ಇಳಿದ್ರೆ ಫೋರ್ಟ್ ನಡೆಯುವಷ್ಟು ದೂರ. ಇಲ್ಲಿನ ಹಲವು ಹೆಸರುವಾಸಿ ಮೀನಿನ ಹೋಟೆಲುಗಳು ಮಂಗಳೂರು, ಉಡುಪಿ ಕಡೆಯ ರುಚಿಯವು. ಮಹೇಶ್ ಲಂಚ್ ಹೋಮ್, ಅಪೂರ್ವ, ಪ್ರತಾಪ್ ಲಂಚ್ ಹೋಮ್ ಇಲ್ಲೇ ಇವೆ. ಕಾಲಾ ಘೋಡಾದ ತೃಷ್ಣಾ, ಬೆಣ್ಣೆ-ಬೆಳ್ಳುಳ್ಳಿ ಏಡಿಗೆ ಪ್ರಸಿದ್ಧ.

ಇದು ಸುಮ್ನೆ ಆದದ್ದಲ್ಲ. ಕರಾವಳಿಯ ಹುಡುಗರು ಹಗಲು ಕ್ಯಾಂಟೀನಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿದ ಪ್ರದೇಶ ಇದು. ಮೊಗವೀರ ವ್ಯವಸ್ಥಾಪಕ ಮಂಡಳಿ ಈ ನಗರದಲ್ಲಿ ಶುರುವಾಗಿದ್ದು 1902ರಲ್ಲಿ. ಅಂದ್ರೆ ನಿಮ್ಮ ತಟ್ಟೆಯ ಗಸಿಗೂ ನೀರುದೋಸೆಗೂ ಇಲ್ಲಿ ಗಟ್ಟಿ ಬೇರಿದೆ.

ಏಡಿ, ದೊಡ್ಡ ಸಿಗಡಿ ಸಂಬಳದ ದಿನಕ್ಕೆ ಇರಲಿ. ಉಳಿದ ದಿನ ಬಂಗುಡೆ ಗಸಿ, ನಾಲ್ಕು ನೀರುದೋಸೆ ಸಾಕು. ಮೆನುವಿನಲ್ಲಿ ದರದ ಜಾಗದಲ್ಲಿ ‘ಸೈಜಿಗೆ ತಕ್ಕಂತೆ’ ಅಂತಿದ್ರೆ ನಾಚಿಕೆ ಪಟ್ಕೋಬೇಡಿ. ಮೀನು ತಂದು ತೋರಿಸಿ ಅನ್ನಿ, ತೂಕ ಕೇಳಿ, ಬೆಲೆ ಕೇಳಿ, ಆಮೇಲೆ ಹೂಂ ಅನ್ನಿ.

ದಾದರ್, ಬಾಂದ್ರಾ, ಪಾರ್ಲೆ: ಮಾಲ್ವಣಿ ಥಾಳಿ

ಕೊಂಕಣದ ಮನೆಯೂಟದ ರುಚಿ ಬೇಕಾದ್ರೆ ದಾದರ್‌ನ ಸಿಂಧುದುರ್ಗ, ಬಾಂದ್ರಾ ಪೂರ್ವದ ಹೈವೇ ಗೋಮಾಂತಕ್, ವಿಲೇ ಪಾರ್ಲೆ ಪೂರ್ವದ ಗಜಾಲಿ ಕಡೆ ಹೋಗಿ. ಒಬ್ಬರೇ ಹೋದ್ರೆ ಥಾಳಿಯೇ ಲಾಭ. ಒಂದು ಹುರಿದ ಮೀನು, ಸಾರು, ಅನ್ನ, ಚಪಾತಿ ಅಥವಾ ಭಾಕ್ರಿ, ಕೊನೆಗೆ ಗುಲಾಬಿ ಬಣ್ಣದ ಸೋಲ್‌ಕಢಿ. ಸೋಲ್‌ಕಢಿ ಅಂದ್ರೆ ಬೇರೇನಲ್ಲ, ನಮ್ಮ ಪುನರ್ಪುಳಿಯ ರಸಕ್ಕೆ ತೆಂಗಿನ ಹಾಲು ಸೇರಿಸಿದ್ದು.

ಹೆಸರು ಗೊತ್ತಿರ್ಲಿ

ಸುರ್ಮಯಿ ಅಂದ್ರೆ ನಮ್ಮ ಅಂಜಲ್. ಪಾಪ್ಲೆಟ್ ಅಂದ್ರೆ ಮಾಂಜಿ. ಬಾಂಗ್ಡಾ ಅಂದ್ರೆ ಬಂಗುಡೆ. ತಿಸ್ರ್ಯಾ ಅಂದ್ರೆ ಮರುವಾಯಿ. ಕೋಳಿವಾಡ ಅಂದ್ರೆ ಚಿಕನ್ ಮಾರೋ ಬೀದಿ ಅಲ್ಲ! ಕೋಳಿ ಅನ್ನೋದು ಮುಂಬಯಿಯ ಮೂಲ ಮೀನುಗಾರ ಸಮುದಾಯದ ಹೆಸರು, ಅವರ ಕೇರಿಯೇ ಕೋಳಿವಾಡ.

ಬೊಂಬಿಲ್ ಅಂತೂ ಬಿಡಲೇಬೇಡಿ. ‘ಬಾಂಬೆ ಡಕ್’ ಅನ್ನೋದು ಇದನ್ನೇ, ಬಾತುಕೋಳಿಗೂ ಇದಕ್ಕೂ ಸಂಬಂಧವಿಲ್ಲ. ಈ ಮೀನಿನ ಮೈತುಂಬ ನೀರು. ಅದಕ್ಕೇ ಸೀಳಿ, ಮೇಲೆ ಭಾರ ಇಟ್ಟು ನೀರಿಳಿಸಿ, ಮಸಾಲೆ ಹಚ್ಚಿ, ರವೆಯಲ್ಲಿ ಹೊರಳಿಸಿ ಹುರೀತಾರೆ. ಹೊರಗೆ ಗರಿಗರಿ, ಒಳಗೆ ಬೆಣ್ಣೆ. ತಣ್ಣಗಾದ್ರೆ ಮೆತ್ತಗಾಗಿಬಿಡುತ್ತೆ, ಹಾಗಾಗಿ ಪಾರ್ಸೆಲ್ ತರಿಸಬೇಡಿ, ಅಲ್ಲೇ ಕೂತು ತಿನ್ನಿ.

ಯಾವಾಗ ಹೋಗ್ಬೇಕು?

ಮರಾಠಿ ಮನೆಗಳಲ್ಲಿ ಮೀನಿನ ದಿನಗಳು ಹೆಚ್ಚಾಗಿ ಬುಧವಾರ, ಶುಕ್ರವಾರ, ಭಾನುವಾರ. ಆ ದಿನಗಳಲ್ಲಿ ರಶ್ ಜಾಸ್ತಿ, ಹಾಗೇ ಮೀನೂ ಬೇಗ ಖರ್ಚಾಗುತ್ತೆ. ಮಧ್ಯಾಹ್ನ ಹನ್ನೆರಡೂವರೆಗೇ ಹೋದ್ರೆ ಕ್ಯೂ ತಪ್ಪುತ್ತೆ.

ಪಶ್ಚಿಮ ಕರಾವಳಿಯಲ್ಲಿ ಸಾಮಾನ್ಯವಾಗಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಮೀನು ಮೊಟ್ಟೆಯಿಡುವ ಕಾಲವದು. ಆಗಲೂ ‘ಇವತ್ತಿನ ತಾಜಾ ಸುರ್ಮಯಿ’ ಅಂತ ಹೇಳಿದ್ರೆ, ಅದು ಫ್ರೀಜರಿಂದ ಬಂದಿರೋ ಸಾಧ್ಯತೆಯೇ ಹೆಚ್ಚು. ಆ ಎರಡು ತಿಂಗಳು ಒಣ ಬೊಂಬಿಲ್ ಚಟ್ನಿ, ಒಣ ಸಿಗಡಿಯ ರುಚಿ ನೋಡಿ. ಮಳೆಗೆ ಅದೇ ಸರಿ.

ಬೇಗ ಏಳುವವರಾದ್ರೆ ಕೊಲಾಬಾದ ಸಸೂನ್ ಡಾಕ್‌ಗೆ ಒಮ್ಮೆ ಹೋಗಿ. 1875ರ ಈ ಧಕ್ಕೆಯಲ್ಲಿ ಬೆಳಕು ಹರಿಯೋ ಮುಂಚೆಯೇ ಮೀನಿನ ಹರಾಜು ಶುರು. ಇಲ್ಲಿ ಊಟ ಸಿಗೋದಿಲ್ಲ, ಆದ್ರೆ ನಿಮ್ಮ ತಟ್ಟೆಗೆ ಬರುವ ಮೀನನ್ನು ಎಷ್ಟು ಮಂದಿ ಹೆಂಗಸರು ಹೊತ್ತು, ಬಿಡಿಸಿ, ಮಾರ್ತಾರೆ ಅನ್ನೋದು ಕಣ್ಣಿಗೆ ಕಾಣುತ್ತೆ. ಹಳೇ ಚಪ್ಪಲಿ ಹಾಕ್ಕೊಂಡು ಹೋಗಿ. ಕೇಳದೆ ಯಾರ ಫೋಟೊನೂ ತೆಗೀಬೇಡಿ.

ಪಾಪ್ಲೆಟ್‌ಗೆ ಸ್ವಲ್ಪ ಬಿಡುವು ಕೊಡಿ

ಎಲ್ಲರೂ ಕೇಳೋದು ಪಾಪ್ಲೆಟ್ಟೇ. ಬೇಡಿಕೆ ಜಾಸ್ತಿ ಆದಾಗ ಬಲೆಗೆ ಬೀಳೋದು ಮರಿಗಳೂ ಹೌದು. ಬೆಳ್ಳಿ ಪಾಪ್ಲೆಟ್‌ಅನ್ನು ಮಹಾರಾಷ್ಟ್ರ ಸರಕಾರ 2023ರಲ್ಲಿ ರಾಜ್ಯ ಮೀನು ಅಂತ ಘೋಷಿಸಿತು. ಅದೇ ವರ್ಷ 54 ಜಾತಿಗಳಿಗೆ, ಇದಕ್ಕಿಂತ ಚಿಕ್ಕದನ್ನು ಹಿಡಿಯಬಾರದು ಅಂತ ಅಳತೆಯನ್ನೂ ಗೊತ್ತುಮಾಡಿತು. ಮೊಟ್ಟೆಯಿಡುವ ಮುಂಚೆಯೇ ಮೀನು ತಟ್ಟೆಗೆ ಬಂದ್ರೆ, ಮುಂದಿನ ವರ್ಷದ ಬಲೆಗೆ ಬೀಳೋದಾದ್ರೂ ಏನು?

ನಷ್ಟ ಮೊದಲು ತಟ್ಟೋದು ಸಣ್ಣ ದೋಣಿಯವರಿಗೆ, ಬುಟ್ಟಿ ಹೊರೋ ಹೆಂಗಸರಿಗೆ, ಕಡಿಮೆ ಬೆಲೆಗೆ ಹೊಟ್ಟೆ ತುಂಬಿಸೋ ಖಾನಾವಳಿಗಳಿಗೆ. ಗಿರಗಾಂವ್‌ನ ಖೋತಾಚಿವಾಡಿಯಲ್ಲಿದ್ದ ಅನಂತಾಶ್ರಮದ ಮೀನೂಟದ ಬಗ್ಗೆ ಹಳಬರು ಈಗಲೂ ಹೇಳ್ತಾರೆ, ಆದ್ರೆ ಅದು ಬಾಗಿಲು ಹಾಕಿ ವರ್ಷಗಳಾದವು. ಉಳಿದಿರೋ ಖಾನಾವಳಿಗಳು ಉಳೀಬೇಕು ಅಂದ್ರೆ ನಾವು ಹೋಗ್ತಾ ಇರ್ಬೇಕು, ಒಂದೇ ಮೀನಿಗೆ ಜೋತುಬೀಳಬಾರದು ಕೂಡ.

ಮುಂದಿನ ಸಲ ವೇಟರ್ ಬಂದಾಗ ‘ಪಾಪ್ಲೆಟ್ ಇದೆಯಾ?’ ಬದಲು ‘ಇವತ್ತು ಏನು ಚೆನ್ನಾಗಿ ಬಂದಿದೆ ಅಣ್ಣಾ?’ ಅಂತ ಕೇಳಿ. ಫೋರ್ಟ್‌ನಲ್ಲಾದ್ರೆ ಕನ್ನಡದಲ್ಲೋ ತುಳುವಿನಲ್ಲೋ ಉತ್ತರ ಬಂದರೂ ಬರಬಹುದು.