ಪಿಟೀಲಿನ ಜಾಗ ತೆರವಾದ ಮೇಲೆ

ಮೊದಲೇ ಬರೆದಿಟ್ಟ ಸಂಗೀತವನ್ನು ಹಲವರು ಕೂಡಿ ನುಡಿಸುವ ಮೇಳಕ್ಕೂ, ವೇದಿಕೆಯ ಮೇಲೆ ಕುಳಿತ ಹೊತ್ತಿನಲ್ಲಿಯೇ ಸಂಗೀತವನ್ನು ಕಟ್ಟುತ್ತ ಹೋಗುವ ಮೇಳಕ್ಕೂ ಇರುವ ಅಂತರವು ಅವುಗಳ ಒಬ್ಬ ವಾದಕ ಇಲ್ಲವಾದಾಗ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಮೊದಲನೆಯದರಲ್ಲಿ ತೆರವಾದ ಪಾಲು ಕಾಗದದ ಮೇಲೆ ಉಳಿದಿರುವುದರಿಂದ ಅದನ್ನು ಓದಬಲ್ಲ ಮತ್ತೊಬ್ಬನು ಬಂದು ಕುಳಿತರೆ ಮೇಳವು ಬಹುಮಟ್ಟಿಗೆ ಮುಂಚಿನಂತೆಯೇ ನಡೆಯುತ್ತದೆ. ಎರಡನೆಯದರಲ್ಲಿ ಹೋದವನ ಪಾಲು ಎಲ್ಲಿಯೂ ಬರೆದಿರುವುದಿಲ್ಲ. ಅದು ಅವನ ಬೆರಳಿನಲ್ಲಿಯೂ, ಅವನನ್ನು ಕೇಳುತ್ತ ತಮ್ಮ ಮುಂದಿನ ಹೆಜ್ಜೆಯನ್ನು ನಿರ್ಧರಿಸುತ್ತಿದ್ದ ಉಳಿದವರ ಕಿವಿಯಲ್ಲಿಯೂ ಹಂಚಿಹೋಗಿರುತ್ತದೆ. ಆದ್ದರಿಂದ ಒಬ್ಬನು ಹೋದಾಗ ಉಳಿದ ಎಲ್ಲರ ವಾದನವೂ ಬದಲಾಗುತ್ತದೆ.

ಅಮೆರಿಕದಲ್ಲಿ 1960ರ ದಶಕದಿಂದ ಬೆಳೆದ, ಒಂದೊಂದು ಹಾಡನ್ನೂ ನೆವ ಮಾಡಿಕೊಂಡು ಬಹಳ ಹೊತ್ತು ಮನೋಧರ್ಮದಿಂದ ವಿಸ್ತರಿಸುವ ವಾದ್ಯತಂಡಗಳನ್ನು ಜಾಮ್ ಬ್ಯಾಂಡ್ ಎಂದು ಕರೆಯುವುದು ರೂಢಿ. ಅಂತಹ ತಂಡಗಳಲ್ಲಿ ಮುಖ್ಯವಾದ ಆಲ್ಮನ್ ಬ್ರದರ್ಸ್ ಬ್ಯಾಂಡ್ 1971ರ ಅಕ್ಟೋಬರ್ 29ರಂದು ತನ್ನ ಗಿಟಾರ್ ವಾದಕ ಡ್ವೇನ್ ಆಲ್ಮನ್‌ನನ್ನು ಮೋಟಾರ್ ಸೈಕಲ್ ಅಪಘಾತದಲ್ಲಿ ಕಳೆದುಕೊಂಡಿತು. ಎರಡು ಗಿಟಾರ್‌ಗಳ ಸಂವಾದವೇ ಆ ತಂಡದ ಗುರುತಾಗಿದ್ದರೂ, ಹೋದವನ ಸ್ಥಾನದಲ್ಲಿ ಮತ್ತೊಬ್ಬ ಗಿಟಾರ್ ವಾದಕನನ್ನು ಕೂರಿಸದೆ, ಕೆಲಕಾಲದ ನಂತರ ಚಕ್ ಲೆವೆಲ್ ಎಂಬ ಪಿಯಾನೋ ವಾದಕನನ್ನು ಸೇರಿಸಿಕೊಳ್ಳಲಾಯಿತು. 1973ರ ‘ಬ್ರದರ್ಸ್ ಆ್ಯಂಡ್ ಸಿಸ್ಟರ್ಸ್’ ಧ್ವನಿಮುದ್ರಿಕೆಯಲ್ಲಿ ಕೇಳುವುದು ಹೀಗೆ ಮರುಜೋಡಣೆಗೊಂಡ ತಂಡದ ನಾದ. ನಮ್ಮ ದೇಶದಲ್ಲಿಯೇ, 1990ರಲ್ಲಿ ದೆಹಲಿಯಲ್ಲಿ ರೂಪುಗೊಂಡ ಇಂಡಿಯನ್ ಓಷನ್ ತಂಡದಲ್ಲಿ ತಬಲಾ ನುಡಿಸುತ್ತಲೇ ಹಾಡುತ್ತಿದ್ದ ಅಶೀಮ್ ಚಕ್ರವರ್ತಿ 2009ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗ ಆ ಒಂದು ಸ್ಥಾನಕ್ಕೆ ವಾದಕನೊಬ್ಬ, ಗಾಯಕನೊಬ್ಬ ಎಂದು ಇಬ್ಬರು ಬೇಕಾದರು. 2013ರಲ್ಲಿ ಸ್ಥಾಪಕ ಗಿಟಾರ್ ವಾದಕ ಸುಸ್ಮಿತ್ ಸೇನ್ ಹೊರನಡೆದ ಮೇಲೆ ನಿಖಿಲ್ ರಾವ್ ಆ ವಾದ್ಯವನ್ನು ಹಿಡಿದರು.

ಒಬ್ಬ ವಾದಕ ಇಲ್ಲವಾದರೆ ಮೇಳವು ಏನಾಗುತ್ತದೆ ಎಂಬ ಇದೇ ಪ್ರಶ್ನೆಯನ್ನು ಮೈಸೂರು ಜಿಲ್ಲೆಯ ನೆಲದಲ್ಲಿ ನಿಂತು ಕೇಳಿದರೆ ಅದಕ್ಕೆ ಸಿಗುವ ಉತ್ತರವು ಇನ್ನೂ ಹಳೆಯದು ಮತ್ತು ಹೆಚ್ಚು ಸಂಕೀರ್ಣವಾದದ್ದು. ನಂಜನಗೂಡಿನ ಶ್ರೀಕಂಠೇಶ್ವರನ ಸನ್ನಿಧಿಯನ್ನು ಬಳಸಿ ಹರಿಯುವ ಕಪಿಲೆಯು ಕಾವೇರಿಯನ್ನು ಕೂಡುವ ಸ್ಥಳವೇ ತಿರುಮಕೂಡಲು; ಅದರ ಒಂದು ದಡದಲ್ಲಿ ಗುಂಜಾ ನರಸಿಂಹಸ್ವಾಮಿಯ ಗುಡಿ, ಇನ್ನೊಂದು ದಡದಲ್ಲಿ ಅಗಸ್ತ್ಯೇಶ್ವರನ ಗುಡಿ ಇವೆ. ಈ ಊರಿನಲ್ಲಿ 1895ರಲ್ಲಿ ಅಗಸ್ತ್ಯೇಗೌಡ ಮತ್ತು ಸುಂದರಮ್ಮ ದಂಪತಿಗಳಿಗೆ ಹುಟ್ಟಿದ ಚೌಡಯ್ಯನವರು ಮುಂದೆ ‘ಪಿಟೀಲು ಚೌಡಯ್ಯ’ ಎಂದೇ ದಕ್ಷಿಣ ಭಾರತದ ಉದ್ದಗಲಕ್ಕೂ ಹೆಸರಾದರು. ತಮ್ಮ ಕೃತಿಗಳಿಗೆ ‘ತ್ರಿಮಕುಟ’ ಎಂಬ ಅಂಕಿತವನ್ನು ಇಟ್ಟುಕೊಂಡ ಅವರು ಹುಟ್ಟೂರನ್ನು ಸಂಗೀತದೊಳಕ್ಕೇ ತಂದುಕೊಂಡರು. ವಿದ್ವತ್ತಿನ ಮನೆತನಗಳಲ್ಲಿ ತಂದೆಯಿಂದ ಮಗನಿಗೆ ಹರಿಯುತ್ತಿದ್ದ ವಿದ್ಯೆಯು ಒಕ್ಕಲು ಮನೆತನದ ಹುಡುಗನೊಬ್ಬನಿಗೆ ದಕ್ಕಿದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ.

ಆ ವಿದ್ಯೆಯನ್ನು ಕೊಟ್ಟವರು ಬಿಡಾರಂ ಕೃಷ್ಣಪ್ಪನವರು. ಕಾರ್ಕಳ ಸೀಮೆಯ ನಂದಳಿಕೆಯಿಂದ ಬಂದು ಮೈಸೂರಿನ ಆಸ್ಥಾನದಲ್ಲಿ ಮನ್ನಣೆ ಪಡೆದ ಕೃಷ್ಣಪ್ಪನವರು ದಾಸರ ಪದಗಳನ್ನು ಕಚೇರಿಯ ವೇದಿಕೆಗೆ ಗೌರವದಿಂದ ತಂದ ಗಾಯಕರು. ಮೈಸೂರಿನ ಪ್ರಸನ್ನ ಸೀತಾರಾಮ ಮಂದಿರವು ಅವರು ಕಟ್ಟಿಸಿದ್ದು. ಶಿಷ್ಯನನ್ನು ಮನೆಯಲ್ಲಿಯೇ ಇರಿಸಿಕೊಂಡು ಕಲಿಸುವ ಗುರುಕುಲದ ಕ್ರಮದಲ್ಲಿ ಚೌಡಯ್ಯನವರು ಅವರಲ್ಲಿ ವರ್ಷಗಟ್ಟಲೆ ಕಠಿಣವಾದ ಸಾಧನೆ ಮಾಡಿದರು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಪಿಟೀಲಿನ ಶಿಷ್ಯನಿಗೆ ಗುರುವಾದವರು ಪಿಟೀಲು ವಾದಕರಲ್ಲ, ಹಾಡುಗಾರರು. ಹೀಗಾಗಿ ಚೌಡಯ್ಯನವರ ಕಮಾನಿಗೆ ಮೊದಲಿನಿಂದಲೂ ಗಾಯಕನ ಉಸಿರಿನ ಅಳತೆಯೇ ಅಳತೆಯಾಯಿತು.

ಕರ್ನಾಟಕ ಸಂಗೀತದ ಕಚೇರಿಯನ್ನು ಪಾಶ್ಚಾತ್ಯ ಅರ್ಥದಲ್ಲಿ ಒಂದು ತಂಡವೆಂದು ಕರೆಯಲಾಗುವುದಿಲ್ಲ. ಗಾಯಕ, ಪಕ್ಕವಾದ್ಯವಾಗಿ ಪಿಟೀಲು, ತಾಳವಾದ್ಯವಾಗಿ ಮೃದಂಗ ಎಂಬ ಮೂರು ಸ್ಥಾನಗಳು ಸ್ಥಿರವಾಗಿದ್ದು, ಅವುಗಳಲ್ಲಿ ಕೂರುವವರು ಕಚೇರಿಯಿಂದ ಕಚೇರಿಗೆ ಬದಲಾಗುತ್ತಾರೆ. ಒಮ್ಮೊಮ್ಮೆ ಪೂರ್ವಾಭ್ಯಾಸವೇ ಇಲ್ಲದೆ, ಅಂದಿನ ಕೃತಿಗಳ ಪಟ್ಟಿಯೂ ತಿಳಿಯದೆ ಮೂವರು ಕೂಡುತ್ತಾರೆ. ಆದರೂ ಅವರ ನಡುವೆ ನಡೆಯುವುದು ಅತ್ಯಂತ ನಿಕಟವಾದ ಸಂವಾದ. ಗಾಯಕನು ರಾಗವನ್ನು ತಾಳದ ಕಟ್ಟಿಲ್ಲದೆ ಬೆಳೆಸುವ ಆಲಾಪನೆಯಲ್ಲಿ, ಪ್ರತಿ ಸಂಗತಿಯ ಕೊನೆಯಲ್ಲಿ ಉಸಿರೆಳೆದುಕೊಳ್ಳುವ ಕಿರು ಅವಧಿಯನ್ನು ಪಿಟೀಲು ತುಂಬಬೇಕು: ಅವನು ಬಿಟ್ಟ ಸ್ವರವನ್ನು ಹಿಡಿದು ನಿಲ್ಲಿಸಬೇಕು, ಆದರೆ ಅವನು ಇನ್ನೂ ಹೋಗದ ಸ್ವರದತ್ತ ತಾನು ಮೊದಲೇ ಹೋಗಬಾರದು. ಸಾಹಿತ್ಯದ ಒಂದು ಸಾಲನ್ನು ತಾಳದೊಳಗೆ ನಾನಾ ಬಗೆಯಾಗಿ ಹಾಡುವ ನೆರವಲ್‌ನಲ್ಲಿಯೂ, ಸ್ವರಾಕ್ಷರಗಳನ್ನು ಆ ಕ್ಷಣದಲ್ಲಿಯೇ ಹೊಸೆಯುವ ಕಲ್ಪನಾಸ್ವರದಲ್ಲಿಯೂ ಪಿಟೀಲಿಗೆ ಉತ್ತರ ಕೊಡುವ ಸರದಿ ಬರುತ್ತದೆ. ಆ ಉತ್ತರವನ್ನು ಕೇಳಿದ ಗಾಯಕನು ತನ್ನ ಮುಂದಿನ ಆವರ್ತನವನ್ನು, ಅಂದರೆ ತಾಳದ ಮುಂದಿನ ಪೂರ್ಣ ಸುತ್ತನ್ನು, ತಿದ್ದಿಕೊಳ್ಳುತ್ತಾನೆ. ಪಕ್ಕವಾದ್ಯ ಎಂಬ ಹೆಸರಿನಿಂದಾಗಿ ಅದನ್ನು ಅಡಿಯಾಳಿನ ಪಾತ್ರವೆಂದು ಭಾವಿಸುವವರಿಗೆ ಈ ಕೊಡುಕೊಳೆಯ ಆಳವು ತಿಳಿಯದು.

ಚೌಡಯ್ಯನವರು ಹೆಸರು ಮಾಡುತ್ತಿದ್ದ ದಿನಗಳಲ್ಲಿ ಸಭಾಂಗಣಗಳಿಗೆ ಮೈಕ್ ಇನ್ನೂ ಬಂದಿರಲಿಲ್ಲ. ಜಾತ್ರೆಯ ಚಪ್ಪರಗಳಲ್ಲಿ, ದೇವಸ್ಥಾನದ ಅಂಗಳಗಳಲ್ಲಿ, ರಾಮನವಮಿಯ ಪೆಂಡಾಲುಗಳಲ್ಲಿ ದೊಡ್ಡ ಕಂಠದ ಗಾಯಕರು ಕೊನೆಯ ಸಾಲಿಗೂ ಕೇಳುತ್ತಿದ್ದರು, ಮೃದಂಗವೂ ಕೇಳುತ್ತಿತ್ತು. ನಾಲ್ಕು ತಂತಿಯ ಪಿಟೀಲು ಮಾತ್ರ ಅಷ್ಟು ದೂರ ಸಾಗುತ್ತಿರಲಿಲ್ಲ. ಈ ಕೊರತೆಯನ್ನು ನೀಗಿಸಲು ಅವರು 1927ರ ಸುಮಾರಿಗೆ ರೂಪಿಸಿಕೊಂಡದ್ದು ಏಳು ತಂತಿಯ ಪಿಟೀಲು. ವಾದ್ಯದ ನಾಲ್ಕು ತಂತಿಗಳ ಪೈಕಿ ಮೂರಕ್ಕೆ ಒಂದೊಂದು ಜೊತೆ ತಂತಿಯನ್ನು ಕೂಡಿಸಿದರೆ ಒಂದೇ ಬೆರಳಿನ ಅಡಿಯಲ್ಲಿ ಎರಡು ತಂತಿಗಳು ಅದುಮಿಕೊಂಡು, ಒಂದೇ ಕಮಾನಿನ ಎಳೆತಕ್ಕೆ ಎರಡೂ ಕೂಡಿ ನುಡಿದು, ನಾದವು ದಪ್ಪವಾಗಿ ಹೊರಡುತ್ತದೆ.

ಈ ತತ್ವವನ್ನು ಹೇಳುವುದು ಸುಲಭ. ಅದನ್ನು ಕೈಗೂಡಿಸಿಕೊಳ್ಳುವುದು ಎಷ್ಟು ಕಷ್ಟವೆಂಬುದು ವಾದ್ಯವನ್ನು ಹತ್ತಿರದಿಂದ ನೋಡಿದರೆ ತಿಳಿಯುತ್ತದೆ. ಜೊತೆ ತಂತಿಗಳ ಶ್ರುತಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಎರಡು ನಾದಗಳು ಒಂದಕ್ಕೊಂದು ತಾಗಿ ಅಲೆಅಲೆಯಾಗಿ ಒಡೆಯುತ್ತವೆ. ಗಾಯಕ ಬದಲಾಗಿ ಶ್ರುತಿ ಬದಲಾದಾಗಲೆಲ್ಲ ನಾಲ್ಕರ ಬದಲು ಏಳು ಬಿರಡೆಗಳನ್ನು ತಿರುವಬೇಕು. ಒಂದು ಸ್ವರದಿಂದ ಇನ್ನೊಂದಕ್ಕೆ ಬೆರಳನ್ನು ಜಾರಿಸಿಯೂ ತೂಗಿಯೂ ಹೊಮ್ಮಿಸುವ ಗಮಕವೇ ಕರ್ನಾಟಕ ಸಂಗೀತದ ಜೀವಾಳವಾಗಿರುವಾಗ, ಆ ಜಾರು ಮತ್ತು ತೂಗುಗಳಲ್ಲಿ ಎರಡು ತಂತಿಗಳನ್ನು ಒಂದೇ ಒತ್ತಡದಲ್ಲಿ ಹಿಡಿದಿಡುವುದು ಎಡಗೈಗೆ ದೊಡ್ಡ ಪರೀಕ್ಷೆ. ಬಲಗೈಯ ಕಮಾನಿಗೂ ಹೆಚ್ಚಿನ ಬಲ ಬೇಕು. ಆದರೆ ಬಲ ಹೆಚ್ಚಿದರೆ ನಾದವು ಕರಕರ ಎನ್ನುತ್ತದೆ. ಕಮಾನನ್ನು ತುದಿಯಿಂದ ಬುಡದವರೆಗೆ ಪೂರ್ತಿಯಾಗಿ ಎಳೆಯುವ ಚೌಡಯ್ಯನವರ ದೀರ್ಘ ಕಮಾನಿನ ಶೈಲಿಯೇ ಈ ತೊಡಕಿಗೆ ಪರಿಹಾರವಾಯಿತೆಂದು ತೋರುತ್ತದೆ. ವಾದ್ಯವನ್ನೂ ವಾದಕನನ್ನೂ ಬೇರ್ಪಡಿಸಲಾಗದಷ್ಟು ಅವೆರಡೂ ಬೆಸೆದುಕೊಂಡದ್ದು ಹೀಗೆ.

1931ರಲ್ಲಿ ಬಿಡಾರಂ ಕೃಷ್ಣಪ್ಪನವರು ತೀರಿಕೊಂಡರು. ಗುರುವಿನ ಕಂಠಕ್ಕೆ ಒಗ್ಗಿ ಬೆಳೆದ ಪಿಟೀಲು ಈಗ ಹಲವು ಕಂಠಗಳಿಗೆ ಒದಗಬೇಕಾಯಿತು. ಅರಿಯಾಕುಡಿ ರಾಮಾನುಜ ಅಯ್ಯಂಗಾರ್, ಸೆಮ್ಮಂಗುಡಿ ಶ್ರೀನಿವಾಸ ಅಯ್ಯರ್, ಜಿ.ಎನ್. ಬಾಲಸುಬ್ರಹ್ಮಣ್ಯಂ ಮೊದಲಾದವರ ಪಕ್ಕದಲ್ಲಿ ಅವರು ಕುಳಿತರಾದರೂ, ರಸಿಕರ ನೆನಪಿನಲ್ಲಿ ಒಂದು ತಂಡವೆಂಬಂತೆಯೇ ಉಳಿದದ್ದು ಚೆಂಬೈ ವೈದ್ಯನಾಥ ಭಾಗವತರ್ ಅವರ ಗಾಯನ, ಚೌಡಯ್ಯನವರ ಪಿಟೀಲು ಮತ್ತು ಪಾಲಘಾಟ್ ಮಣಿ ಅಯ್ಯರ್ ಅವರ ಮೃದಂಗ ಸೇರಿದ ಕೂಟ. ಚೆಂಬೈಯವರದು ಬಿಚ್ಚು ಕಂಠ, ಚೌಡಯ್ಯನವರದು ತುಂಬು ನಾದ. ಇವೆರಡರ ನಡುವೆ ಮೃದಂಗದ ಮಿತವಾದ, ಹರಿತವಾದ ನುಡಿ. ಮೂವರೂ ಮೈಕ್ ಇಲ್ಲದ ಕಾಲದಲ್ಲಿ ತಮ್ಮ ನಾದವನ್ನು ರೂಪಿಸಿಕೊಂಡವರು. ಅವರ ಹೊಂದಾಣಿಕೆಯ ಗುಟ್ಟು ಬಹುಮಟ್ಟಿಗೆ ಇದರಲ್ಲಿಯೇ ಇದೆ. ಚೌಡಯ್ಯನವರು ನಿರ್ಮಿಸಿದ, 1943ರಲ್ಲಿ ತೆರೆಕಂಡ ‘ವಾಣಿ’ ಎಂಬ ಕನ್ನಡ ಚಲನಚಿತ್ರದಲ್ಲಿ ಈ ಮೂವರ ಕಚೇರಿಯ ದೃಶ್ಯವಿದ್ದು, ಅವರು ಕೂಡಿ ಹೇಗೆ ಕುಳಿತು ನುಡಿಸುತ್ತಿದ್ದರೆಂಬುದನ್ನು ಕಣ್ಣಾರೆ ಕಾಣಲು ಉಳಿದಿರುವ ಅಪರೂಪದ ದಾಖಲೆ ಅದು.

ಮದ್ರಾಸಿನ ಸಂಗೀತ ಅಕಾಡೆಮಿಯು 1951ರಲ್ಲಿ ಚೆಂಬೈಯವರಿಗೆ, 1957ರಲ್ಲಿ ಚೌಡಯ್ಯನವರಿಗೆ, 1966ರಲ್ಲಿ ಮಣಿ ಅಯ್ಯರ್ ಅವರಿಗೆ ಸಂಗೀತ ಕಲಾನಿಧಿ ಬಿರುದನ್ನು ಕೊಟ್ಟಿತು. ಮೂವರಿಗೂ ಆ ಗೌರವ ಸಂದ ಸ್ವಲ್ಪ ಕಾಲದಲ್ಲಿಯೇ, 1967ರ ಜನವರಿ 19ರಂದು, ಚೌಡಯ್ಯನವರು ತೀರಿಕೊಂಡರು.

ಮುಂದೆ ಆದದ್ದನ್ನು ಆಲ್ಮನ್ ಬ್ರದರ್ಸ್ ತಂಡದ ಕಥೆಯ ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. ಚೆಂಬೈಯವರು 1974ರಲ್ಲಿ ತಾವು ತೀರಿಕೊಳ್ಳುವವರೆಗೂ ಹಾಡಿದರು, ಮಣಿ ಅಯ್ಯರ್ 1981ರವರೆಗೆ ಬದುಕಿದ್ದರು. ಇಬ್ಬರ ಪಕ್ಕದಲ್ಲಿಯೂ ಸಮರ್ಥರಾದ ಪಿಟೀಲು ವಾದಕರಿಗೆ ಕೊರತೆಯಿರಲಿಲ್ಲ. ಕಚೇರಿಯ ಪದ್ಧತಿಯಲ್ಲಿ ಸ್ಥಾನವು ವ್ಯಕ್ತಿಗಿಂತ ಹಿರಿದು. ಅದು ಒಂದು ದಿನವೂ ಖಾಲಿ ಬೀಳುವುದಿಲ್ಲ. ಗಿಟಾರ್ ಹೋದ ಜಾಗಕ್ಕೆ ಪಿಯಾನೋವನ್ನು ತಂದುಕೊಳ್ಳುವ ಒತ್ತಾಯವಾಗಲಿ, ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ 1995ರಲ್ಲಿ ತೀರಿಕೊಂಡ ಮೇಲೆ ಗ್ರೇಟ್‌ಫುಲ್ ಡೆಡ್ ಎಂಬ ಜಾಮ್ ಬ್ಯಾಂಡಿನವರು ಮಾಡಿದಂತೆ ಹೆಸರನ್ನೇ ಕೈಬಿಡುವ ಒತ್ತಾಯವಾಗಲಿ ಇಲ್ಲಿ ಹುಟ್ಟುವುದಿಲ್ಲ. ಆದರೆ ಚೌಡಯ್ಯನವರ ವಿಷಯದಲ್ಲಿ ತೆರವಾದದ್ದು ಪಿಟೀಲು ವಾದಕನ ಸ್ಥಾನವಷ್ಟೇ ಅಲ್ಲ, ಒಂದು ನಾದ. ಆ ಸ್ಥಾನಕ್ಕೆ ಬಂದವರು ನಾಲ್ಕು ತಂತಿಯವರು: ಲಾಲ್ಗುಡಿ ಜಯರಾಮನ್, ಟಿ.ಎನ್. ಕೃಷ್ಣನ್, ಎಂ.ಎಸ್. ಗೋಪಾಲಕೃಷ್ಣನ್ ಅವರಂತಹ ಮಹಾವಾದಕರು ಆ ಕಾಲದ ಪಿಟೀಲಿನ ದಾರಿಯನ್ನು ನಿರ್ಧರಿಸುತ್ತಿದ್ದರು. ಅವರ ನಾದ ಸಣ್ಣದಾಗಿಯೂ ನಯವಾಗಿಯೂ ಇದ್ದು ಸೂಕ್ಷ್ಮ ಗಮಕಗಳಿಗೆ ಒಲಿದಿತ್ತು, ಮತ್ತು ಅದನ್ನು ಕೊನೆಯ ಸಾಲಿಗೆ ಮುಟ್ಟಿಸಲು ಮೈಕ್ ಇತ್ತು.

ಏಳು ತಂತಿಯ ಪಿಟೀಲು ಮುಂದೆ ವ್ಯಾಪಕವಾಗದಿರುವುದಕ್ಕೆ ಶಿಷ್ಯರ ಕೊರತೆಯನ್ನು ಕಾರಣವಾಗಿ ಹೇಳಲಾಗದು. ವಿ. ಸೇತುರಾಮಯ್ಯ, ರುದ್ರಪಟ್ಟಣದ ಆರ್.ಕೆ. ವೆಂಕಟರಾಮ ಶಾಸ್ತ್ರಿ, ತಮಿಳುನಾಡಿನ ಕಂಡದೇವಿ ಅಳಗಿರಿಸ್ವಾಮಿ ಮೊದಲಾದ ಶಿಷ್ಯರು ಗಣ್ಯ ವಾದಕರಾದರು. ಮುಖ್ಯ ಕಾರಣವೆಂದರೆ, ಆ ವಾದ್ಯವನ್ನು ಹುಟ್ಟಿಸಿದ ಅಗತ್ಯವೇ ಮಾಯವಾದದ್ದು. ಕೇಳಿಸುವುದಕ್ಕಾಗಿ ಮೂರು ತಂತಿಗಳ ಭಾರವನ್ನು ಹೊರಬೇಕಾಗಿದ್ದ ಕಾಲವು ವಿದ್ಯುತ್ತಿನ ಧ್ವನಿವರ್ಧಕದೊಡನೆ ಕೊನೆಗೊಂಡಿತು. ಮಣಿ ಅಯ್ಯರ್ ತಮ್ಮ ಕಡೆಯ ವರ್ಷಗಳಲ್ಲಿ ಮೈಕ್ ಇಲ್ಲದ ಕಚೇರಿಗಾಗಿ ಹಟ ಹಿಡಿದದ್ದನ್ನು ಈ ಹಿನ್ನೆಲೆಯಲ್ಲಿಯೇ ಅರ್ಥ ಮಾಡಿಕೊಳ್ಳಬೇಕು. ಅದನ್ನು ಹಿರಿಯರೊಬ್ಬರ ಮುನಿಸೆಂದು ತಳ್ಳಿಹಾಕುವುದು ಅನ್ಯಾಯ. ತಾವು ಮೂವರು ಕೂಡಿ ಕಟ್ಟಿದ್ದ ನಾದದ ಅಳತೆಗಳು ಯಂತ್ರದ ಕೈಗೆ ಹೋಗುವುದನ್ನು ಅವರು ಒಪ್ಪಲಿಲ್ಲ.

ಇದೇ ಸೀಮೆಯ ಮತ್ತೊಂದು ಮೇಳದ ಕ್ರಮವು ಇಲ್ಲಿ ಹೋಲಿಕೆಗೆ ಅರ್ಹವಾಗಿದೆ. ನಂಜನಗೂಡು, ತಿ. ನರಸೀಪುರ, ಮಳವಳ್ಳಿ, ಕೊಳ್ಳೇಗಾಲದ ಹಳ್ಳಿಗಳಲ್ಲಿ ಮಂಟೇಸ್ವಾಮಿಯ ಕಾವ್ಯವನ್ನು ರಾತ್ರಿಯಿಡೀ ಹಾಡುವ ನೀಲಗಾರರಲ್ಲಿ ತಂಬೂರಿ ಹಿಡಿದ ಮುಮ್ಮೇಳದ ಗಾಯಕನು ಕಥೆಯನ್ನು ನಡೆಸುತ್ತಾನೆ. ಡಕ್ಕೆ ಮತ್ತು ತಾಳ ಹಿಡಿದ ಹಿಮ್ಮೇಳದವರು ಸೊಲ್ಲನ್ನು, ಅಂದರೆ ಮತ್ತೆ ಮತ್ತೆ ಬರುವ ಪಲ್ಲವಿಯ ಸಾಲನ್ನು, ಹೇಳುತ್ತಾರೆ. ಎಲ್ಲಿ ಕಥೆಯನ್ನು ಹಿಗ್ಗಿಸಬೇಕು, ಎಲ್ಲಿ ಮಾತಿಗೆ ಇಳಿಸಬೇಕೆಂಬುದು ಆ ರಾತ್ರಿಯ ನೆರವಿಯನ್ನು ನೋಡಿ ತೀರ್ಮಾನವಾಗುತ್ತದೆ. ವರ್ಷಗಟ್ಟಲೆ ಸೊಲ್ಲು ಹೇಳುತ್ತಲೇ ಕಥೆಯ ನಡೆಯನ್ನೆಲ್ಲ ಕಿವಿಯಲ್ಲಿ ತುಂಬಿಕೊಂಡವನು, ಮುಂದಾಳು ಇಲ್ಲವಾದಾಗ ಅದೇ ಮೇಳದೊಳಗಿಂದ ಎದ್ದು ತಂಬೂರಿ ಹಿಡಿಯಬಲ್ಲವನಾಗಿರುತ್ತಾನೆ. ಅಲ್ಲಿ ವಾದ್ಯ ಬದಲಾಗುವುದಿಲ್ಲ, ಹಾಡುವವನ ಕಥೆಯ ನಡೆ ಬದಲಾಗುತ್ತದೆ. ಚೌಡಯ್ಯನವರ ಏಳು ತಂತಿಗೆ ಅಂತಹ ಹಿಮ್ಮೇಳವಿರಲಿಲ್ಲ. ಅದು ಒಬ್ಬರೇ ಕಟ್ಟಿ ಒಬ್ಬರೇ ಪಳಗಿಸಿದ ವಾದ್ಯವಾಗಿತ್ತು.

ಹಾಗೆಂದು ಅವರಿಂದ ಏನೂ ಮುಂದುವರಿಯಲಿಲ್ಲವೆಂದರೆ ತಪ್ಪಾದೀತು. ಬೆಂಗಳೂರಿನ ಮಲ್ಲೇಶ್ವರದಲ್ಲಿ 1980ರಲ್ಲಿ ಸಿದ್ಧವಾದ, ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನವು ಅವರ ಹೆಸರನ್ನು ದಿನನಿತ್ಯದ ಮಾತಿಗೆ ತಂದಿದೆ, ರಾಜ್ಯ ಸರ್ಕಾರವು ಅವರ ಹೆಸರಿನಲ್ಲಿ ಸಂಗೀತಗಾರರಿಗೆ ಪ್ರಶಸ್ತಿಯನ್ನೂ ಕೊಡುತ್ತದೆ. ಇವು ಗೌರವದ ಕೆಲಸಗಳು. ಸಂಗೀತದ ದೃಷ್ಟಿಯಿಂದ ಹೆಚ್ಚು ಮುಖ್ಯವಾದದ್ದು ಶಿಷ್ಯರ ಕೈಯಲ್ಲಿ ಉಳಿದ ಕಮಾನು. ನಾದವನ್ನು ತುಂಡರಿಸದೆ, ಗಾಯಕನ ಉಸಿರು ಮುಗಿಯುವವರೆಗೂ ಎಳೆದು ನಿಲ್ಲಿಸುವ ಆ ದೀರ್ಘ ಕಮಾನನ್ನು ಕಲಿಯಲು ಏಳು ತಂತಿ ಬೇಕಿಲ್ಲ. ಹಾಡುಗಾರರಿಂದ ಹುಟ್ಟಿ, ಏಳು ತಂತಿಯನ್ನು ನುಡಿಸುವ ಅನಿವಾರ್ಯದಲ್ಲಿ ಬಲಿತ ಆ ಅಭ್ಯಾಸವು ನಾಲ್ಕು ತಂತಿಗೂ ಸಲ್ಲುತ್ತದೆ. ಕಂಡದೇವಿ ಅಳಗಿರಿಸ್ವಾಮಿಯವರು ಮದ್ರಾಸಿನ ವೇದಿಕೆಗಳಲ್ಲಿ ಹಿರಿಯ ಗಾಯಕರಿಗೆ ದಶಕಗಳ ಕಾಲ ಪಕ್ಕವಾದ್ಯ ನುಡಿಸಿದಾಗಲೂ, ವೆಂಕಟರಾಮ ಶಾಸ್ತ್ರಿಗಳು ತಮ್ಮ ಸೋದರ ಆರ್.ಕೆ. ಶ್ರೀಕಂಠನ್ ಅವರಂತಹ ಗಾಯಕರ ನಡುವೆ ಬಾಳಿದಾಗಲೂ, ತಿರುಮಕೂಡಲಿನ ಆ ಪಾಠವೇ ಅವರ ಕೈಯ ಬೆನ್ನಿಗಿತ್ತು.