ಚುಕ್ಕಾಣಿ ಕೈಗೋ, ಕಾಲಿಗೋ?

ನಾಗಪುರದವರು ಸೀತಾಬರ್ಡಿಯನ್ನು ಪೂರ್ತಿ ಹೆಸರಿನಿಂದ ಕರೆಯುವುದು ಕಡಿಮೆ. ‘ಬರ್ಡಿ’ ಎಂದರೆ ಸಾಕು, ಆಟೋದವ ಹೊರಟುಬಿಡುತ್ತಾನೆ. ಮೆಟ್ರೊದ ಎರಡು ಮಾರ್ಗಗಳು ಕೂಡುವ ನಿಲ್ದಾಣ, 1817ರಲ್ಲಿ ಭೋಸಲೆ ಪಡೆಗೂ ಬ್ರಿಟಿಷರಿಗೂ ಕಾಳಗ ನಡೆದ ಗುಡ್ಡ, ಅದರ ಬುಡದಲ್ಲಿ ಕಾಲಿಡಲು ಜಾಗವಿಲ್ಲದ ಪೇಟೆ. ಆ ಪೇಟೆಯ ಹಿಂದಿನ ಗಲ್ಲಿಯಲ್ಲಿ ಆರು ವರ್ಷದಿಂದ ನನ್ನ ಬಾಡಿಗೆ ಮನೆ. ಊರು ಗಂಗೊಳ್ಳಿ. ಎರಡೂ ಕಡೆ ಕಡಲು ನೂರಾರು ಕಿಲೋಮೀಟರ್ ದೂರವಿರುವ ಈ ಊರಿನಲ್ಲಿ ನನಗೆ ದೋಣಿಯ ಕೆಲಸವೇ ಸಿಗುತ್ತದೆ ಎಂದು ಮನೆಯಲ್ಲಿ ಯಾರೂ ಎಣಿಸಿರಲಿಲ್ಲ.

ನಾನು ಮಾಡುವುದು ಕೆರೆಗಳ ಆಳ ಅಳೆಯುವ, ನೀರಿನ ಮಾದರಿ ತೆಗೆಯುವ ಕೆಲಸ. ಕೆರೆಯಲ್ಲಿ ಹೂಳೆಷ್ಟು, ಇನ್ನೆಷ್ಟು ನೀರು ಹಿಡಿಯುತ್ತದೆ ಎಂಬ ಲೆಕ್ಕ ಈ ಊರಿಗೆ ಕಾಗದದ ಲೆಕ್ಕವಲ್ಲ. 2023ರ ಸೆಪ್ಟೆಂಬರ್ 23ರ ನಸುಕಿನಲ್ಲಿ ಕೆಲವೇ ಗಂಟೆಗಳಲ್ಲಿ 100 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿದು ಅಂಬಾಝರಿ ಕೆರೆ ಕೋಡಿ ಹರಿಯಿತು. ನಾಗ ನದಿ ಬೀದಿಗೆ ಬಂತು. ಬರ್ಡಿಯ ಮೋರ್ ಭವನ ಬಸ್ ನಿಲ್ದಾಣದಲ್ಲಿ ಬಸ್ಸುಗಳು ನೀರಿನಲ್ಲಿ ನಿಂತಿದ್ದವು, ಮನೆಗಳಲ್ಲಿ ಸಿಕ್ಕಿಕೊಂಡವರನ್ನು ದೋಣಿಯಲ್ಲಿ ಕರೆತಂದರು. ಅಂದಿನಿಂದ ‘ನೀವು ಕೆರೆಯಲ್ಲಿ ಅದೇನು ಅಳೆಯುತ್ತೀರಿ?’ ಎಂದು ನಗುತ್ತಿದ್ದ ಮನೆ ಮಾಲೀಕರು ನಗುವುದನ್ನು ನಿಲ್ಲಿಸಿದ್ದಾರೆ.

ಸದ್ದಿಲ್ಲದ ಮೋಟರು

ನಮ್ಮದು 12 ಅಡಿಯ ಚಪ್ಪಟೆ ತಳದ ಫೈಬರ್ ದೋಣಿ. ಮೊದಲು ಹುಟ್ಟು ಹಾಕಿಯೇ ಹೋಗುತ್ತಿದ್ದೆವು. ಹುಟ್ಟು ಹಾಕುತ್ತಿದ್ದವರು ಭಂಡಾರಾ ಕಡೆಯ ಮೀನುಗಾರರು, ಐವತ್ತು ದಾಟಿದವರು. ನಾನು ಅವರನ್ನು ‘ಕಾಕಾ’ ಎನ್ನುತ್ತೇನೆ, ಅವರು ಎಷ್ಟು ಬೇಡವೆಂದರೂ ನನ್ನನ್ನು ‘ಸಾಹೇಬ್’ ಎನ್ನುತ್ತಾರೆ. ಕೆಲಸ ಹೆಚ್ಚಿದಾಗ ಮೋಟರು ಬೇಕಾಯಿತು. ಪೆಟ್ರೋಲ್ ಎಂಜಿನ್ ಆಗದು, ಅದರ ಎಣ್ಣೆ ನೀರಿಗೆ ಸೇರಿದರೆ ನಮ್ಮ ಮಾದರಿಯೇ ಕೆಟ್ಟಂತೆ. ಹಾಗಾಗಿ ಬ್ಯಾಟರಿಯಲ್ಲಿ ಓಡುವ ಟ್ರೋಲಿಂಗ್ ಮೋಟರ್.

ಇದು ಗಾಳ ಹಾಕುವವರಿಗಾಗಿ ಹುಟ್ಟಿದ ಯಂತ್ರ. 1934ರಲ್ಲಿ ಅಮೆರಿಕದ ಫಾರ್ಗೊ ಎಂಬ ಊರಿನ ಒ.ಜಿ. ಸ್ಮಿಟ್ ಎಂಬಾತ ಹಳೆಯ ಫೋರ್ಡ್ ಕಾರಿನ ಸ್ಟಾರ್ಟರ್ ಮೋಟರಿಗೆ ಪ್ರೊಪೆಲ್ಲರ್ ಜೋಡಿಸಿ ಮಾಡಿದ್ದು. ಮೀನು ಬೆದರದಂತೆ ಮೆಲ್ಲಗೆ ಸಾಗುವುದೇ ಇದರ ಗುಣ. ನಮಗೂ ಬೇಕಿದ್ದುದು ಅದೇ.

ಇದರ ಬಲವನ್ನು ಅಶ್ವಶಕ್ತಿಯಲ್ಲಿ ಹೇಳುವುದಿಲ್ಲ, ನೂಕುಬಲದ ಪೌಂಡಿನಲ್ಲಿ ಹೇಳುತ್ತಾರೆ. ದೋಣಿ, ಜನ, ಸಾಮಾನು ಎಲ್ಲ ಸೇರಿದ ತೂಕದ ಶೇ 2ರಷ್ಟು ನೂಕುಬಲ ಇರಲೇಬೇಕು ಎಂಬುದು ರೂಢಿಯ ಲೆಕ್ಕ. ನಮ್ಮದು ಒಟ್ಟು 350 ಕಿಲೊ, ಅಂದರೆ 7 ಕಿಲೊ, ಸುಮಾರು 15 ಪೌಂಡು. ಎದುರುಗಾಳಿಗೆ ಅದು ಸಾಲದೆಂದು 45 ಪೌಂಡಿನದನ್ನು ಆರಿಸಿದೆವು. ಪೂರ್ತಿ ವೇಗದಲ್ಲಿ ಪೌಂಡಿಗೆ ಹೆಚ್ಚುಕಡಿಮೆ ಒಂದು ಆಂಪಿಯರ್ ಎಳೆಯುತ್ತದೆ. 100 ಆಂಪಿಯರ್ ಅವರ್‌ನ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು ಎಂದರೆ ಪೂರ್ತಿ ವೇಗದಲ್ಲಿ ಒಂದು ಗಂಟೆ ಚಿಲ್ಲರೆ, ನಿಧಾನಕ್ಕೆ ಹೋದರೆ ನಾಲ್ಕೈದು ಗಂಟೆ.

ಬ್ಯಾಟರಿಗೆ ಬರ್ಡಿಯ ಅಂಗಡಿಗೇ ಹೋದೆ. ಕಾರಿನ ಬ್ಯಾಟರಿ ಕೇಳಿದ ನನ್ನನ್ನು ಅಂಗಡಿಯವರು ತಡೆದರು. ಅದು ಒಂದೇ ಸಲ ಒದ್ದು ಎಂಜಿನ್ ಎಬ್ಬಿಸಲು ಮಾಡಿದ್ದು, ಗಂಟೆಗಟ್ಟಲೆ ಕರೆಂಟು ಕೊಟ್ಟರೆ ಬೇಗ ಸಾಯುತ್ತದೆ, ಇ-ರಿಕ್ಷಾಕ್ಕೆ ಹಾಕುವುದನ್ನು ಒಯ್ಯಿರಿ ಎಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಪೆಡಲಿನ ಆಸೆ

ಇನ್ನು ಉಳಿದದ್ದು ನಿಯಂತ್ರಣದ ಪ್ರಶ್ನೆ. ಕೈಯದ್ದಾದರೆ ಮೋಟರಿನ ತಲೆಗೆ ಒಂದು ಹಿಡಿ. ತಿರುಚಿದರೆ ವೇಗ, ಆಚೀಚೆ ದೂಡಿದರೆ ದಿಕ್ಕು. ನಮ್ಮ ಕರಾವಳಿಯ ನಾಡದೋಣಿಯ ಔಟ್‌ಬೋರ್ಡ್ ಎಂಜಿನ್ ನೋಡಿದವರಿಗೆ ಹೊಸದೇನಲ್ಲ. ಕಾಲಿನದ್ದಾದರೆ ಮೋಟರು ದೋಣಿಯ ಮೂತಿಯಲ್ಲಿ, ಪೆಡಲು ಪಾದದಡಿ. ಬೆರಳ ಕಡೆ ಒತ್ತಿದರೆ ಬಲಕ್ಕೆ, ಹಿಮ್ಮಡಿ ಒತ್ತಿದರೆ ಎಡಕ್ಕೆ. ಇದರಲ್ಲೂ ಎರಡು ಬಗೆ. ಕೇಬಲ್ಲಿನದು ಪಾದದ ಮಾತನ್ನು ತಕ್ಷಣ ಕೇಳುತ್ತದೆ. ವಿದ್ಯುತ್ತಿನಿಂದ ತಿರುಗುವುದು ಹಗುರ, ಆದರೆ ಒಂದು ಕ್ಷಣ ಯೋಚಿಸಿ ತಿರುಗುತ್ತದೆ.

ನನ್ನ ಮನಸ್ಸು ಪೆಡಲಿನ ಕಡೆಗಿತ್ತು. ಬರ್ಡಿಯ ಫುಟ್‌ಪಾತಿನಲ್ಲಿ ಪ್ಯಾಂಟಿನ ಉದ್ದ ಕಡಿಮೆ ಮಾಡಿಕೊಡುವ ಟೈಲರ್‌ಗಳನ್ನು ನೋಡಿ. ಕಾಲು ಮೆಷಿನ್ ಓಡಿಸುತ್ತದೆ, ಎರಡೂ ಕೈ ಬಟ್ಟೆಗೆ ಮೀಸಲು. ಮ್ಯಾನ್ಮಾರಿನ ಇನ್ಲೆ ಸರೋವರದ ಮೀನುಗಾರರು ದೋಣಿಯ ತುದಿಯಲ್ಲಿ ಒಂಟಿಗಾಲಿನಲ್ಲಿ ನಿಂತು ಇನ್ನೊಂದು ಕಾಲನ್ನು ಹುಟ್ಟಿಗೆ ಸುತ್ತಿ ದೋಣಿ ನಡೆಸುತ್ತಾರೆ, ಬಲೆಗೆ ಕೈ ಬೇಕಲ್ಲ! ನನಗೂ ಒಂದು ಕೈಯಲ್ಲಿ ಮಾದರಿ ಪಾತ್ರೆಯ ಹಗ್ಗ, ಇನ್ನೊಂದರಲ್ಲಿ ಬಾಟಲಿ. ಕಾಲು ಖಾಲಿಯೇ ಇದೆಯಲ್ಲ ಎಂದುಕೊಂಡೆ.

ಕಚೇರಿಯ ಲೆಕ್ಕ ಬೇರೆಯೇ ಇತ್ತು. ಕಾಲಿನ ಮೋಟರಿಗೆ ಬೆಲೆ ಹೆಚ್ಚು, ಆದರೆ ದೋಣಿಯಲ್ಲಿ ಒಬ್ಬನೇ ಸಾಕು. ಇನ್ನೊಬ್ಬನ ದಿನಗೂಲಿ ಉಳಿಯುತ್ತದೆ. ಆ ಇನ್ನೊಬ್ಬ ಯಾರೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬೇಡಿಕೆಯ ಪಟ್ಟಿಗೆ ಸಹಿ ಹಾಕಿದೆ. ಕಾಕಾನಿಗೆ ದಡದಲ್ಲಿ ಬಾಟಲಿ ಜೋಡಿಸುವ ಕೆಲಸ, ಅದೂ ವಾರಕ್ಕೆರಡು ದಿನ ಎಂದಾಯಿತು. ಅವರು ಏನೂ ಅನ್ನಲಿಲ್ಲ. ಪೆಡಲನ್ನು ಒಮ್ಮೆ ಒತ್ತಿ ನೋಡಿ, ‘ಛಾನ್ ಆಹೆ’ ಎಂದರು. ಚೆನ್ನಾಗಿದೆ ಎಂದು.

ಊರಿಗೆ ಫೋನು ಮಾಡಿ ಹೇಳಿದಾಗ ಅಪ್ಪಯ್ಯ ಮಾತ್ರ ಕೇಳಿದರು: ‘ಕಾಲಿಗೆ ಕೆಲ್ಸ ಕೊಟ್ರೆ ನಿಲ್ಲುದ್ ಎಂತದ್ರ ಮೇಲೆ ಮಗಾ?’ ನಲವತ್ತು ವರ್ಷ ಕಡಲಿಗೆ ಹೋದವರ ಮಾತನ್ನು ನಾನು ಹಳೆಯ ಕಾಲದ್ದೆಂದು ನಕ್ಕು ಬಿಟ್ಟೆ.

ಉಮರೇಡ್ ರಸ್ತೆಯ ಕೆರೆ

ಮೂರನೆಯ ವಾರ, ಉಮರೇಡ್ ರಸ್ತೆಯ ಕಡೆಯ ಒಂದು ಕೆರೆ. ಏಪ್ರಿಲ್ ತಿಂಗಳು, ಒಂಬತ್ತು ಗಂಟೆಗೇ ಬಿಸಿಲು ಸುಡುತ್ತಿತ್ತು. ಕೆರೆ ನಡುವೆ ದೋಣಿ ನಿಲ್ಲಿಸಿ, ಎಡಗಾಲಿನಲ್ಲಿ ನಿಂತು, ಬಲಗಾಲನ್ನು ಪೆಡಲಿನ ಮೇಲಿಟ್ಟು ಮಾದರಿ ಪಾತ್ರೆಯನ್ನು ಇಳಿಸುತ್ತಿದ್ದೆ. ಗಾಳಿಗೆ ದೋಣಿ ಹೊರಳಿತು. ಆಯ ಹಿಡಿಯಲು ನನ್ನ ಭಾರವೆಲ್ಲ ತಾನಾಗಿ ಬಲಪಾದಕ್ಕೆ ಹೋಯಿತು. ಪೆಡಲಿಗೆ ನಾನು ಬೀಳುತ್ತಿದ್ದೇನೆಂದು ಹೇಗೆ ಗೊತ್ತಾಗಬೇಕು? ಬಲಕ್ಕೆ ಹೋಗು ಎಂದನೆಂದೇ ಅದು ತಿಳಿಯಿತು. ದೋಣಿ ಬಲಕ್ಕೆ ಜಗ್ಗಿತು, ನಾನು ಎಡಕ್ಕೆ ನೀರಿಗೆ ಬಿದ್ದೆ.

ಲೈಫ್ ಜಾಕೆಟ್ ಇತ್ತು, ಈಜು ಬರುತ್ತದೆ. ಆದರೆ ಅಂತರಗಂಗೆಯ ಬೇರುಗಳು ಕಾಲಿಗೆ ಸುತ್ತಿಕೊಂಡವು, ದೋಣಿ ಗಾಳಿಗೆ ದೂರ ಸರಿಯುತ್ತಿತ್ತು. ದಡದಲ್ಲಿ ಬಲೆ ಹಾಕುವವರು ಬಿಟ್ಟಿದ್ದ ಲಾರಿ ಟ್ಯೂಬಿನ ಮೇಲೆ ಮಲಗಿ, ಕೈಯಲ್ಲೇ ನೀರು ತಳ್ಳುತ್ತ ಕಾಕಾ ಬಂದರು. ಬೈಗುಳವಿಲ್ಲ, ಬುದ್ಧಿಮಾತಿಲ್ಲ. ‘ಸಾಹೇಬ್, ಟ್ಯೂಬ್ ಹಿಡಿರಿ’ ಎಂದಷ್ಟೇ.

ಆ ರಾತ್ರಿ ನಿದ್ದೆಗೆಡಿಸಿದ್ದು ಬಿದ್ದದ್ದಲ್ಲ, ಒಂದು ಸಣ್ಣ ಸ್ವಿಚ್ಚು. ಪೆಡಲಿನಲ್ಲಿ ಎರಡು ಆಯ್ಕೆ ಇರುತ್ತವೆ: ಒತ್ತಿದಷ್ಟು ಹೊತ್ತು ಓಡುವುದು, ಬಿಟ್ಟರೂ ಓಡುತ್ತಲೇ ಇರುವುದು. ಅದೃಷ್ಟಕ್ಕೆ ಮೊದಲನೆಯದರಲ್ಲಿತ್ತು. ಆಳ ಅಳೆಯುವಾಗ ಪಾದಕ್ಕೆ ನೋವಾಗುತ್ತದೆಂದು ನಾನು ಎರಡನೆಯದರಲ್ಲೇ ಇಡುತ್ತಿದ್ದೆ. ಆಗ ಬಿದ್ದಿದ್ದರೆ ತಿರುಗುವ ಪ್ರೊಪೆಲ್ಲರಿನ ಪಕ್ಕದಲ್ಲಿ ನಾನಿರುತ್ತಿದ್ದೆ. ದಡದಲ್ಲಿ ಕಾಕಾ ಇಲ್ಲದ ದಿನವಾಗಿದ್ದರೆ? ವಾರದಲ್ಲಿ ಅಂಥ ದಿನಗಳೇ ಹೆಚ್ಚಿದ್ದವು, ಹಾಗೆ ಮಾಡಿದ್ದು ನನ್ನದೇ ಸಹಿ.

ಯಾರಿಗೆ ಯಾವುದು?

ಹಾಗೆಂದು ಕಾಲಿನ ನಿಯಂತ್ರಣ ಕೆಟ್ಟದ್ದೆಂದು ಹೇಳಲಾರೆ. ಎತ್ತರದ ಕುರ್ಚಿಯಲ್ಲಿ ಕುಳಿತು, ಅಗಲವಾದ ದೋಣಿಯಲ್ಲಿ, ದಿನವಿಡೀ ಗಾಳ ಎಸೆಯುವವನಿಗೆ ಅದೇ ಸರಿ. ಪೆಡಲನ್ನು ಹಲಗೆಯ ಮಟ್ಟಕ್ಕೆ ಹೂತು ಕೂರಿಸಿದರೆ ಸೊಂಟಕ್ಕೂ ಸುಖ. ಮೋಟರು ಮೂತಿಯಲ್ಲಿದ್ದರೆ ದೋಣಿಯನ್ನು ಹಿಂದಿನಿಂದ ನೂಕುವ ಬದಲು ಮುಂದಿನಿಂದ ಎಳೆಯುತ್ತದೆ, ಅದರಿಂದ ಹಿಡಿತ ಹೆಚ್ಚು. ಆದರೆ ಕಿರಿದಾದ ದೋಣಿಯಲ್ಲಿ ಒಂಟಿಗಾಲಿನಲ್ಲಿ ನಿಲ್ಲಬೇಕಾದರೆ, ಮಂಡಿನೋವಿದ್ದರೆ, ಕಾಲಡಿಯಲ್ಲಿ ಹಗ್ಗ, ವೈರು ಹರಡಿದ್ದರೆ ಕೈಯೇ ಒಳ್ಳೆಯದು. ಕೈಹಿಡಿಯಲ್ಲಿ ಕೆಡುವ ಭಾಗಗಳು ಕಡಿಮೆ, ಬೆಲೆ ಕಡಿಮೆ, ದೋಣಿ ಯಾವ ಕಡೆ ಮುಖ ಮಾಡಿದೆ ಎಂಬುದು ನೋಡದೆಯೇ ತೋಳಿಗೆ ತಿಳಿಯುತ್ತದೆ. ಪ್ರೊಪೆಲ್ಲರಿಗೆ ಕಳೆ ಸುತ್ತಿದರೆ ಹಿಡಿಯನ್ನೇ ಹಿಡಿದು ಎತ್ತಿ ಬಿಡಿಸಿದರಾಯಿತು. ಯಾವುದಾದರೂ ಸರಿ, ಬ್ಯಾಟರಿಯ ಪಕ್ಕ ಬ್ರೇಕರ್ ಇರಲಿ, ಮೈಮೇಲೆ ಜಾಕೆಟ್ ಇರಲಿ, ನಿಂತು ಕೆಲಸ ಮಾಡುವಾಗ ಮೋಟರು ಪೂರ್ತಿ ಬಂದಾಗಿರಲಿ.

ನಮ್ಮ ಕೆಲಸದ ಮಟ್ಟಿಗೆ ಇನ್ನೊಂದು ಸಂಗತಿಯೂ ಇತ್ತು. ಆಳದ ಸರ್ವೆಗೆ ದೋಣಿ ಒಂದೇ ವೇಗದಲ್ಲಿ ನೇರ ಗೆರೆಯಲ್ಲಿ ಹೋಗಬೇಕು. ನಾನೊಬ್ಬನೇ ಪರದೆ ನೋಡುತ್ತ ಪಾದದಿಂದ ತಿರುಗಿಸಿದ ಗೆರೆಗಳು ಹಾವು ಹರಿದಂತಿದ್ದವು. ಕಾಕಾ ಎದುರು ದಡದ ಮರವೊಂದನ್ನು ಗುರಿಯಿಟ್ಟು ಹಿಡಿ ಹಿಡಿದ ದಿನದ ಗೆರೆಗಳು ಅಡಿಕೋಲಿನಲ್ಲಿ ಎಳೆದಂತೆ ಬಂದವು. ಕಚೇರಿಯಲ್ಲಿ ನಾನು ಬಿದ್ದ ಕತೆಗಿಂತ ಹೆಚ್ಚು ಕೆಲಸ ಮಾಡಿದ್ದು ಆ ಎರಡು ನಕ್ಷೆಗಳು. ಸರ್ವೆ ಕೆಡುತ್ತದೆ ಎಂದಮೇಲೆ ಕೂಲಿಯ ಉಳಿತಾಯದ ಮಾತು ಹಿಂದೆ ಸರಿಯಿತು. ನೀರಿನ ಮೇಲೆ ಇಬ್ಬರಿಗಿಂತ ಕಡಿಮೆ ಹೋಗಬಾರದು ಎಂದು ಬರವಣಿಗೆಯಲ್ಲೇ ಬಂತು.

ಕಾಕಾ ಈಗಲೂ ದಿನಗೂಲಿಯೇ. ಅದನ್ನು ಬದಲಿಸುವ ಶಕ್ತಿ ನನಗಿಲ್ಲ, ಕೇಳುವುದನ್ನು ಮಾತ್ರ ಬಿಟ್ಟಿಲ್ಲ. ಆದರೆ ವಾರಕ್ಕೆ ಆರು ದಿನ ದೋಣಿಯ ಹಿಂಬದಿಯಲ್ಲಿ ಅವರಿರುತ್ತಾರೆ. ಕಾಲಿನ ಮೋಟರು ಗೋಡೌನಿನಲ್ಲಿ ಧೂಳು ಹಿಡಿಯುತ್ತಿದೆ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಪ್ಪಯ್ಯನಿಗೆ ಎಲ್ಲ ಹೇಳಿದೆ. ನೀರಿಗೆ ಬಿದ್ದದ್ದನ್ನೂ. ಅವರು ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ಟ್ಯೂಬಿನಂಗೆ ಬಂದವ್ರ್ ಊಟ ಮಾಡಿದ್ರಾ ಅವತ್ತು?’ ಎಂದು ಕೇಳಿದರು.

ನನಗೆ ನೆನಪಿರಲಿಲ್ಲ.